ಹಣ ಮೊದಲು ಎಲ್ಲಿಗೆ?

ಸ್ವಯಂಸೇವೆಯಿಂದ ನಡೆಯುವ ಸಂಸ್ಥೆಯ ನಿಜವಾದ ಧ್ಯೇಯವನ್ನು ಅದರ ನಾಮಫಲಕದಲ್ಲಿ ಹುಡುಕಬೇಡಿ, ಖರ್ಚಿನ ಪುಸ್ತಕದಲ್ಲಿ ಹುಡುಕಿ.

1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ್ದು ನಮ್ಮ ಸೀಮೆಯಲ್ಲಿ ಮನೆಮಾತು. ಅವರನ್ನು ಸಪ್ತರ್ಷಿಗಳೆಂದು ಗೌರವಿಸುತ್ತೇವೆ. ಆದರೆ ಆ ಕಥೆಯನ್ನು ನಾವು ಹೇಳುವ ರೀತಿಯಲ್ಲಿ ಒಂದು ಕೊರತೆಯಿದೆ. ತ್ಯಾಗವನ್ನು ಕೊಂಡಾಡುತ್ತೇವೆ, ಕ್ರಮವನ್ನು ಗಮನಿಸುವುದಿಲ್ಲ. ಮೊದಲು ಒಂದು ಶಾಲೆ. 1933ರಲ್ಲಿ ಲಿಂಗರಾಜ ಕಾಲೇಜು. 1947ರಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜು. 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜು. ಶಾಲೆ ಕಲಿತ ಮಕ್ಕಳಿಲ್ಲದಿದ್ದರೆ ಕಾಲೇಜು ಬರಿಯ ಕಟ್ಟಡ. ತ್ಯಾಗವು ಹಣವನ್ನು ಉಳಿಸಬಲ್ಲದು. ಅದನ್ನು ಎಲ್ಲಿ ವ್ಯಯಿಸಬೇಕೆಂದು ತಿಳಿಸುವುದು ವಿವೇಕ.

ಲೋಕಾಪುರದಂಥ ಊರಿನ ಸಣ್ಣ ಸಂಘಕ್ಕೂ ಇದೇ ಪರೀಕ್ಷೆ. ದಾನಿಗೆ ತನ್ನ ಹೆಸರು ಕೆತ್ತಿಸಬಹುದಾದ ಕಮಾನು ಇಷ್ಟ. ಕಾರ್ಯಕರ್ತನಿಗೆ ತಾನು ಸಂತೋಷದಿಂದ ಮಾಡಬಲ್ಲ ಉತ್ಸವ ಇಷ್ಟ. ಸಂಬಳವಿಲ್ಲದೆ ದುಡಿಯುವವನಿಗೆ ಬೇಡವೆನ್ನಲು ಯಾರಿಗೂ ಮನಸ್ಸು ಬಾರದು. ಹೀಗೆ ದಾಕ್ಷಿಣ್ಯವೇ ಆಯವ್ಯಯವನ್ನು ಬರೆಯುತ್ತದೆ. ಮುಧೋಳದ ಕಾಲೇಜಿಗೆ ಹೋಗಲು ಹಣವಿಲ್ಲದ ಹುಡುಗಿ ಮಾತ್ರ ಆ ಸಭೆಯಲ್ಲಿ ಇರುವುದಿಲ್ಲ.

ಆದ್ದರಿಂದ ನಿಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುವಾಗ ಚಪ್ಪಾಳೆಗೆ ಮೊದಲು ಒಂದು ಪ್ರಶ್ನೆ ಕೇಳಿರಿ: ಇವುಗಳಲ್ಲಿ ಮುಂದಿನ ವರ್ಷದವರೆಗೆ ಕಾಯಲಾರದ್ದು ಯಾವುದು? ಕಮಾನು ಕಾದೀತು. ಓದು ಬಿಟ್ಟು ಕಬ್ಬಿನ ಗದ್ದೆಗೆ ಇಳಿದ ಹುಡುಗಿಯ ಆ ಒಂದು ವರ್ಷವನ್ನು ಯಾವ ದೇಣಿಗೆಯೂ ಮರಳಿ ತಂದುಕೊಡಲಾರದು.