‘ಲೂಟ್’ ಶಬ್ದದ ಮೂಲವಿಚಾರ

ಸೂರೆಯೆಂಬರ್ಥದ ‘ಲೂಟ್’ ಶಬ್ದವು ಆಂಗ್ಲಭಾಷೆಗೆ ಭಾರತದಿಂದ ಹೋದುದೆಂಬುದರಲ್ಲಿ ವಿವಾದವಿಲ್ಲ, ವಿವಾದವಿರುವುದು ಧಾತುವಿನಲ್ಲಿ. 1886ರಲ್ಲಿ ಯೂಲ್ ಮತ್ತು ಬರ್ನೆಲ್ಲರು ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಕೋಶವು ಇದನ್ನು ‘ಲುಪ್’ ಧಾತುವಿನ ‘ಲೋಪ್ತ್ರ’ದಿಂದ ಹುಟ್ಟಿಸಿತು. ಅಮರಕೋಶದಲ್ಲಿ ಲೋಪ್ತ್ರವೆಂದರೆ ಕದ್ದ ಧನ. ಅರ್ಥವೇನೋ ಸೊಗಸಾಗಿ ಹೊಂದುತ್ತದೆ. ಆದರೆ ಅರ್ಥದ ಸೊಗಸಿಗೆ ಮರುಳಾಗಿ ವರ್ಣವನ್ನು ಮರೆಯಲಾಗದು. ಲೋಪ್ತ್ರವು ಪ್ರಾಕೃತದ ಹಾದಿಯಲ್ಲಿ ಸವೆದರೆ ತಕಾರವುಳಿಯುವುದು ಸಹಜ, ಟಕಾರವೆಲ್ಲಿಂದ ಬಂದೀತು? 1903ರ ಆವೃತ್ತಿಯಲ್ಲಿ ಕ್ರೂಕರು ‘ಲುಂಟ್’ ಧಾತುವೇ ಮೇಲೆಂದು ತಿದ್ದಿದುದು ಯುಕ್ತವಾಗಿದೆ. ಅನುಸ್ವಾರವು ಲೋಪವಾಗಿ ಉಕಾರವು ದೀರ್ಘವಾದರೆ ‘ಲೂಟ್’ ಸಿದ್ಧಿಸುತ್ತದೆ.

ಈ ಧಾತುವಿಗೆ ಪಾಣಿನಿಯು ತಚ್ಛೀಲಾರ್ಥದಲ್ಲಿ ಷಾಕನ್ ಪ್ರತ್ಯಯವನ್ನು ವಿಧಿಸಿ ‘ಲುಂಟಾಕ’ನನ್ನು ಸಾಧಿಸುತ್ತಾನೆ. ಅದೇ ಸೂತ್ರದಲ್ಲಿ ಭಿಕ್ಷಾಕ, ಜಲ್ಪಾಕರೂ ಸಿದ್ಧರಾಗುವರು. ಸುಲಿಯುವವನು, ಬೇಡುವವನು, ಹರಟುವವನು—ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ ಮುನಿಯ ಲೋಕಜ್ಞಾನವು ಸಣ್ಣದಲ್ಲ!

ಶಬ್ದವು ಪಾಳೆಯದಿಂದ ಪಾಳೆಯಕ್ಕೆ ಹರಡಿದ ಬಗೆಯು ಮಲವಗೊಪ್ಪದ ವಾಚಕರಿಗೆ ದೂರದ ಸಂಗತಿಯಲ್ಲ. 1791ರ ಡಿಸೆಂಬರಿನಲ್ಲಿ ಶಿವಮೊಗ್ಗೆಯ ಬಳಿ ಟಿಪ್ಪುವಿನ ಸೈನ್ಯವನ್ನು ಮುರಿದ ಪರಶುರಾಮಭಾವೂವಿನ ದಂಡಿನೊಡನೆ ಕ್ಯಾಪ್ಟನ್ ಲಿಟ್ಲನ ಮುಂಬಯಿ ಪಡೆಯೂ ಇದ್ದಿತು. ಅದೇ ವರ್ಷ ಮರಾಠಾ ಸವಾರರು ಶೃಂಗೇರಿ ಮಠವನ್ನು ದೋಚಿದ್ದರು. ಮಠದ ಪುನರುದ್ಧಾರಕ್ಕಾಗಿ ಟಿಪ್ಪು ಬರೆದ ಕನ್ನಡ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಸುಲಿದವರೂ ಸುಲಿಗೆಗೊಳಗಾದವರೂ ಒಂದೇ ಧರ್ಮದವರೆಂಬುದು ಲುಂಟಾಕನಿಗೆ ಅಡ್ಡಿಯಾಗಲಿಲ್ಲ.

ಹಾಗೆಂದು, ಶಬ್ದವು ಭಾರತದ್ದಾದುದರಿಂದ ದುರ್ಗುಣವೂ ಇಲ್ಲಿಯದೇ ಎಂಬ ವಾದವು ನಿಲ್ಲದು. ಆಂಗ್ಲರಲ್ಲಿ ಮೊದಲೇ ಇದ್ದ ‘ಪ್ಲಂಡರ್’ ಶಬ್ದವು ಹದಿನೇಳನೆಯ ಶತಮಾನದ ಯುದ್ಧಕಾಲದಲ್ಲಿ ಜರ್ಮನಿಯಿಂದ ಬಂದುದು. ಅಲ್ಲಿ ಅದರ ಮೂಲಾರ್ಥ ಮನೆಯ ಹಾಸಿಗೆ ಬಟ್ಟೆ ಮೊದಲಾದ ಸಾಮಾನು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಆ ರಾತ್ರಿ ಸಿಪಾಯಿಗಳು ಬೀದಿಯಲ್ಲಿ ಕಸಿದುಕೊಂಡುದು ‘ಲೂಟ್’; ಅಧಿಕಾರಿಗಳು ಲೆಕ್ಕ ಬರೆದು ಪದವಿಗನುಸಾರವಾಗಿ ಹಂಚಿಕೊಂಡುದು ‘ಪ್ರೈಜ್’.

ಕನ್ನಡದ ಮಾತುಗಳು ಇಷ್ಟು ಜಾಣತನವನ್ನರಿಯವು. ‘ಕೊಳ್ಳೆ’ಯು ಕೊಳ್ಳುವುದರಿಂದ, ‘ಸುಲಿಗೆ’ಯು ಸುಲಿಯುವುದರಿಂದ ಹುಟ್ಟಿ ಕೃತ್ಯವನ್ನು ನೇರವಾಗಿ ಹೇಳುತ್ತವೆ. ‘ಸೂರೆ’ಯು ಮಾತ್ರ ಮನಸೂರೆಗೊಳ್ಳುವ ಮಟ್ಟಿಗೆ ಮೃದುವಾಯಿತು, ಎರವಲು ಬಂದ ‘ಲೂಟಿ’ಯೂ ಕರಾವಳಿಯ ಮನೆಗಳಲ್ಲಿ ಮಕ್ಕಳ ತುಂಟತನಕ್ಕೆ ಹೆಸರಾಗಿದೆ.