ನದೀಮೂಲ, ಋಷಿಮೂಲ, ದೈವಮೂಲ

ನದೀಮೂಲ, ಋಷಿಮೂಲ ಕೇಳಬಾರದು ಅಂತ ಹಿರಿಯರು ಹೇಳ್ತಾರೆ. ಋಷಿಯ ವಿಷಯ ಬಿಡಿ, ನದಿಯದ್ದು ನೋಡೋಣ. ಮಳೆಗಾಲದಲ್ಲಿ ಹೊಳೆನರಸೀಪುರದ ಹತ್ತಿರ ಎರಡೂ ದಡ ತುಂಬಿ ಹರಿಯೋ ಹೇಮಾವತಿಯನ್ನು ಕಂಡವರು, ಅದು ಹುಟ್ಟುವ ಮೂಡಿಗೆರೆ ತಾಲ್ಲೂಕಿನ ಜಾವಳಿಗೆ ಹೋದರೆ ಬಾಯಿಗೆ ಬರೋ ಮೊದಲ ಮಾತು, "ಇಷ್ಟೇನಾ?" ಅಷ್ಟು ದೊಡ್ಡ ಹೊಳೆಯ ಬುಡದಲ್ಲಿ ಸಣ್ಣದೊಂದು ನೀರಿನ ಸೆಲೆ. ನೋಡಿದ್ದಕ್ಕೆ ಖುಷಿ, ನೋಡಬಾರದಿತ್ತೇನೋ ಅನ್ನೋ ಕಸಿವಿಸಿ, ಎರಡೂ ಒಟ್ಟಿಗೆ.

ಪ್ರೀಕ್ವೆಲ್ ಸಿನಿಮಾ ನೋಡಿ ಹೊರಗೆ ಬರೋ ಅಭಿಮಾನಿಯ ಸ್ಥಿತಿಯೂ ಇದೇ. ಇದರ ದೊಡ್ಡ ಉದಾಹರಣೆ ಸ್ಟಾರ್ ವಾರ್ಸ್. 1977ರ ಮೊದಲ ಚಿತ್ರದಲ್ಲಿ 'ಫೋರ್ಸ್' ಅಂದರೆ ಎಲ್ಲರನ್ನೂ ಸುತ್ತುವರಿದಿರೋ ಒಂದು ಶಕ್ತಿ, ಅಷ್ಟೇ. ಯಾವುದೋ ಮರಳುಗಾಡಿನಲ್ಲಿ ಹೊಲದ ಕೆಲಸ ಮಾಡಿಕೊಂಡಿದ್ದ ಹುಡುಗನಿಗೂ ಅದು ಒಲಿಯುತ್ತೆ. 1999ರಲ್ಲಿ ಜಾರ್ಜ್ ಲೂಕಸ್ ಹಿಂದಿನ ಕತೆ ಹೇಳೋಕೆ ಕೂತರು. ಫೋರ್ಸ್ ಎಷ್ಟಿದೆ ಅಂತ ರಕ್ತ ಪರೀಕ್ಷೆ ಮಾಡಿ ಹೇಳಬಹುದು ಅಂದರು. ಅದರ ಜೊತೆಗೆ ತಂದೆಯಿಲ್ಲದೆ ಹುಟ್ಟಿದ, ಭವಿಷ್ಯವಾಣಿ ಹೊತ್ತ ಒಂದು ಮಗು ಬೇರೆ. ಇಪ್ಪತ್ತು ವರ್ಷ ಕಾದಿದ್ದ ಅಭಿಮಾನಿಗಳು ತಲೆ ಮೇಲೆ ಕೈಹೊತ್ತು ಕೂತರು. ನಿಗೂಢವಾಗಿದ್ದದ್ದು ಲ್ಯಾಬ್ ರಿಪೋರ್ಟ್ ಆಗಿಹೋಗಿತ್ತು.

ನಮಗೂ ಅಂಥದ್ದೊಂದು ದಿನ ಬರುತ್ತೆ ಅಂತ 2022ರ ಸೆಪ್ಟೆಂಬರ್ 30ಕ್ಕೆ ಯಾರಿಗೆ ಗೊತ್ತಿತ್ತು? ಅವತ್ತು ರಿಷಬ್ ಶೆಟ್ಟಿಯವರ 'ಕಾಂತಾರ' ಬಂತು. ಮೊದಲ ಎರಡು ವಾರ ಕನ್ನಡದಲ್ಲಿ ಮಾತ್ರ, ಆಮೇಲೆ ಉಳಿದ ಭಾಷೆಗಳಲ್ಲಿ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ನಾವು ಕೋಲ ಕಟ್ಟೋರಲ್ಲ. ಪಂಜುರ್ಲಿ, ಗುಳಿಗ ಅನ್ನೋ ಹೆಸರುಗಳೇ ಬಹಳ ಜನರಿಗೆ ಹೊಸದು. ಕರಾವಳಿ ಕನ್ನಡಕ್ಕೆ ಸ್ವಲ್ಪ ಕಿವಿ ಹೊಂದಿಸ್ಕೋಬೇಕಾಯ್ತು. ಆದರೂ ಯಾರೂ ನಮಗೆ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಊರಹಬ್ಬದಲ್ಲಿ ಅಮ್ಮ ಮೈಮೇಲೆ ಬರೋದು ನಮಗೆ ಗೊತ್ತು. ಕಾಡಂಚಿನ ಊರಿಗೆ ಆನೆ ಬಂದಾಗ ಅರಣ್ಯ ಇಲಾಖೆಯವರ ಜೊತೆ ಆಗೋ ಜಗಳ ಗೊತ್ತು. ಜಮೀನಿನ ಪತ್ರ ಯಾರ ಬೀರುವಿನಲ್ಲಿದೆ ಅನ್ನೋದರ ಮೇಲೆ ಒಂದು ಮನೆತನದ ಹಣೆಬರಹ ನಿಲ್ಲುತ್ತೆ ಅನ್ನೋದಂತೂ ಚೆನ್ನಾಗೇ ಗೊತ್ತು.

2025ರ ಅಕ್ಟೋಬರ್ 2ಕ್ಕೆ 'ಕಾಂತಾರ: ಅಧ್ಯಾಯ 1' ಬಂತು. ಹೆಸರಲ್ಲಿ ಒಂದು, ಬಂದದ್ದು ಎರಡನೆಯದಾಗಿ. ಈ ಸಲ ಮೊದಲ ದಿನದಿಂದಲೇ ಹಲವು ಭಾಷೆ. ಕತೆ ಕದಂಬರ ಕಾಲಕ್ಕೆ ಹೋಗುತ್ತೆ: ಬಾಂಗ್ರಾ ಅನ್ನೋ ರಾಜ್ಯ, ಅದಕ್ಕೊಂದು ಬಂದರು, ಆಚೆಗೆ ಕಾಡು, ಕಾಡಿನ ಜನರ ನಾಯಕ ಬೆರ್ಮೆ. ದುಡ್ಡು ಚೆನ್ನಾಗಿ ಬಂತು, ಥಿಯೇಟರುಗಳು ತುಂಬಿದವು. ಆದರೂ ಮೊದಲ 'ಕಾಂತಾರ'ವನ್ನು ಎದೆಗೆ ಹಚ್ಚಿಕೊಂಡಿದ್ದ ಬಹಳ ಜನ "ಚೆನ್ನಾಗಿದೆ, ಆದ್ರೆ..." ಅಂತ ನಿಲ್ಲಿಸ್ತಾರೆ. ಆ 'ಆದ್ರೆ' ಏನು ಅಂತ ಬಿಡಿಸಿ ನೋಡೋದು ಒಳ್ಳೇದು. ಇಲ್ಲಿ ಆಗಿರೋದು ಜಾವಳಿಯ ಉಲ್ಟಾ. ಮೂಲ ಸಣ್ಣದಾಯ್ತು ಅನ್ನೋ ದೂರು ಯಾರದ್ದೂ ಅಲ್ಲ. ಮೂಲವೇ ಹೊಳೆಗಿಂತ ಅಗಲ ಆಗಿಬಿಟ್ಟಿದೆ.

2022ರ ಶಿವನನ್ನೇ ನೆನಪಿಸಿಕೊಳ್ಳಿ. ಹಂದಿ ಬೇಟೆ, ಕುಡಿತ, ಕಂಬಳ, ಮನೆಯಲ್ಲಿ ಅಮ್ಮನ ಹತ್ತಿರ ಬೈಗುಳ. ಕಾಡುಬೆಟ್ಟಿನ ಒಬ್ಬ ಉಂಡಾಡಿ. ಕೋಲ ಕಟ್ಟೋ ಹೊಣೆ ಗುರುವನದ್ದು, ಇವನು ಅದರಿಂದ ದೂರ. ಗುರುವ ಸತ್ತ ಮೇಲೆ ದೈವ ಬರೋದು ಈ ಲಾಯಕ್ಕಿಲ್ಲದವನ ಮೈಮೇಲೆ. ಕ್ಲೈಮ್ಯಾಕ್ಸ್‌ನಲ್ಲಿ ನಮ್ಮ ರೋಮ ನಿಂತದ್ದು ಗ್ರಾಫಿಕ್ಸ್ ನೋಡಿ ಅಲ್ಲ. ಇವನಿಗೂ ಬಂತಲ್ಲ ಅನ್ನೋದಕ್ಕೆ. ಬೆರ್ಮೆ ಹಾಗಲ್ಲ. ಅವನು ತೆರೆಗೆ ಬಂದ ಗಳಿಗೆಯಿಂದಲೇ ಸಾಮಾನ್ಯನಲ್ಲ ಅಂತ ನಮಗೆ ಗೊತ್ತು. ಕಷ್ಟಪಡ್ತಾನೆ, ಹೊಡೆದಾಡ್ತಾನೆ, ದೈವ ಬಂದಾಗ ಬರಬೇಕಾದದ್ದೇ ಬಂತು ಅನ್ನಿಸುತ್ತೆ. ಹೊಲದ ಹುಡುಗನ ಜಾಗಕ್ಕೆ ಭವಿಷ್ಯವಾಣಿಯ ಮಗು ಬಂದಾಗ ಸ್ಟಾರ್ ವಾರ್ಸ್ ಅಭಿಮಾನಿ ಕಳಕೊಂಡದ್ದೂ ಇದನ್ನೇ.

ಇನ್ನೊಂದು ಕೊರತೆ ಮುರಳೀಧರ. ಕಿಶೋರ್ ಮಾಡಿದ ಆ ಅರಣ್ಯಾಧಿಕಾರಿ ಜಬರದಸ್ತಿನವನು, ಆದರೆ ಕೆಟ್ಟವನಲ್ಲ. ಕಾನೂನು ಅವನ ಕಡೆಗಿದೆ, ಕಾಡು ಉಳೀಬೇಕು ಅನ್ನೋದೂ ಸುಳ್ಳಲ್ಲ. ತನ್ನೂರಿನವರ ಎದುರೇ ಬೇಲಿ ಹಾಕಿಸೋ ಕೆಲಸಕ್ಕೆ ನಿಂತ ಫಾರೆಸ್ಟ್ ಗಾರ್ಡ್ ಲೀಲಾ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಯಾರ ಪರ ನಿಲ್ಲಬೇಕು ಅನ್ನೋ ಗೊಂದಲ ಇಂಟರ್ವಲ್‌ವರೆಗೂ ನಮ್ಮದೂ ಆಗಿತ್ತು. ಹೊಸ ಚಿತ್ರದಲ್ಲಿ ಆ ಗೊಂದಲ ಕಡಿಮೆ. ಗುಲ್ಶನ್ ದೇವಯ್ಯ ಮಾಡಿದ ಕುಲಶೇಖರ ಎಂಥವನು ಅಂತ ತಿಳಿಯೋಕೆ ಐದು ನಿಮಿಷ ಸಾಕು. ಅರಮನೆಯ ವೈರಿಯನ್ನು ದ್ವೇಷಿಸೋದು ಸುಲಭ. ಸರ್ವೆ ಕಲ್ಲು ಹಿಡಿದು ಬರೋ, ತನ್ನ ಕೆಲಸ ತಾನು ಮಾಡೋ ಅಧಿಕಾರಿ ಎದುರು ನಿಂತಾಗಲೇ ಕಷ್ಟ.

ಹಾಗಂತ ಎಲ್ಲಾ ದಂಡ ಅನ್ನೋಕಾಗಲ್ಲ. ನನ್ನ ಮಟ್ಟಿಗೆ ಚಿತ್ರದ ಒಳ್ಳೆಯ ಭಾಗ ಹುಚ್ಚೆದ್ದು ಓಡೋ ರಥವೂ ಅಲ್ಲ, ಹುಲಿಯೂ ಅಲ್ಲ. ಕಾಡಿನ ಜನ ಬಂದರಿಗೆ ಇಳಿದು ತಾವು ಬೆಳೆದ ಸಾಂಬಾರ ಪದಾರ್ಥದ ಬೆಲೆ ಅಲ್ಲಿ ಎಷ್ಟು ಅಂತ ಕಣ್ಣಾರೆ ನೋಡೋದು. ರಾಮನಾಥಪುರದ ಹರಾಜಿನಲ್ಲಿ ತಂಬಾಕಿನ ಬೇಲ್ ಇಟ್ಟುಕೊಂಡು ನಿಂತ ಅರಕಲಗೂಡಿನ ರೈತನಿಗೆ, ಆಲೂಗಡ್ಡೆ ಮೂಟೆ ಹೊತ್ತು ಹಾಸನದ ಎಪಿಎಂಸಿಗೆ ಬಂದವನಿಗೆ ಈ ದೃಶ್ಯಕ್ಕೆ ಟಿಪ್ಪಣಿ ಬೇಕಿಲ್ಲ. ಹಾಗೇ ರುಕ್ಮಿಣಿ ವಸಂತ್ ಅವರ ಕನಕವತಿ. ಮೊದಲ ಚಿತ್ರದಲ್ಲಿ ಶಿವ ಲೀಲಾಳ ಸೊಂಟ ಚಿವುಟೋ ದೃಶ್ಯಕ್ಕೆ ಬಂದ ಟೀಕೆ ನ್ಯಾಯವಾದದ್ದೇ. ಅದಕ್ಕೆ ಹೋಲಿಸಿದರೆ ಇಲ್ಲಿ ಹೆಣ್ಣಿಗೆ ತನ್ನದೇ ಲೆಕ್ಕಾಚಾರ ಇದೆ. ನೋಡದೇ ಇರೋರು ಕ್ಷಮಿಸಿ, ಗುಟ್ಟು ಹೇಳ್ತಿದ್ದೀನಿ: ಕೊನೆಗೆ ಅಸಲಿ ಎದುರಾಳಿ ಅವಳೇ. ನಾಯಕಿ ಅಂತ ನಂಬಿದವಳು ಹೀಗೆ ತಿರುಗಿದಾಗ ಥಿಯೇಟರಿನಲ್ಲಿ ಒಂದು ಕ್ಷಣ ಗಪ್‌ಚಿಪ್.

ಪ್ರೀಕ್ವೆಲ್ ನಮಗೇನೂ ಹೊಸದಲ್ಲ ಕಣ್ರೀ. ಹೊಳೆನರಸೀಪುರಕ್ಕೆ ಹೆಸರು ಕೊಟ್ಟ ನರಸಿಂಹನ ಕತೆಯನ್ನೇ ತಗೊಳ್ಳಿ. ಹಿರಣ್ಯಕಶಿಪು ರಾಕ್ಷಸ, ಕಂಬ ಒಡೆದು ಬಂದ ದೇವರು ಅವನನ್ನು ಸೀಳಿದ. ಕತೆ ಮುಗೀತು. ಆದರೆ ಅದಕ್ಕೊಂದು ಹಿಂದಿನ ಕತೆ ಇದೆ. ಅವನು ವೈಕುಂಠದ ಬಾಗಿಲು ಕಾಯೋನು, ಶಾಪ ಸಿಕ್ಕಿ ಬಿದ್ದವನು, ಭಕ್ತನಾಗಿ ಏಳು ಜನ್ಮಕ್ಕಿಂತ ಶತ್ರುವಾಗಿ ಮೂರೇ ಜನ್ಮ ಸಾಕು, ಬೇಗ ವಾಪಸ್ ಬರ್ತೀನಿ ಅಂದವನು. ಇದು ಗೊತ್ತಾದ ಮೇಲೆ ಆ ವಧೆ ಮೊದಲಿನ ಹಾಗೆ ಕಾಣಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ನಿಂತಿರೋ ಬಾಹುಬಲಿಯದ್ದೂ ಅಷ್ಟೇ. ಪಂಪ 941ರ 'ಆದಿಪುರಾಣ'ದಲ್ಲಿ ಬಾಹುಬಲಿಯ ಅಪ್ಪ ಆದಿನಾಥನ ಹಿಂದಿನ ಜನ್ಮಗಳನ್ನೆಲ್ಲ ಹೇಳ್ತಾನೆ. ಜನ್ಮಜನ್ಮಕ್ಕೂ ಬೆನ್ನು ಬಿಡದ ಭೋಗದಾಸೆ ನೋಡಿದ ಮೇಲೇ ಕೊನೆಯ ತ್ಯಾಗಕ್ಕೆ ತೂಕ ಬರೋದು.

ಹಾಗಾಗಿ ನನ್ನ ಪರೀಕ್ಷೆ ಸರಳ. 'ಅಧ್ಯಾಯ 1' ನೋಡಿದ ಮೇಲೆ ಹಳೆಯದನ್ನು ಇನ್ನೊಮ್ಮೆ ಹಾಕಿ. ಏನಾದರೂ ಬೇರೆ ಥರ ಕಾಣುತ್ತಾ? ಶಿವ ಬೇರೆ ಕಾಣಲ್ಲ. ಮುರಳೀಧರನೂ ಇಲ್ಲ, ಅಚ್ಯುತ್ ಕುಮಾರ್ ಮಾಡಿದ ದೇವೇಂದ್ರನೂ ಇಲ್ಲ. ಕೊನೆಯಲ್ಲಿ ಶಿವ ಮಾಯವಾದಾಗ ನಮ್ಮೊಳಗೆ ಉಳಿದಿದ್ದ ಪ್ರಶ್ನೆಯಂತೂ ಈಗ ಸ್ವಲ್ಪ ತೆಳುವಾಗಿದೆ. ಆದರೆ ಒಂದು ಜಾಗ ಬದಲಾಗುತ್ತೆ, ಅದೂ ಮೊದಲ ಹತ್ತು ನಿಮಿಷದಲ್ಲೇ. 1847ರಲ್ಲಿ ನೆಮ್ಮದಿ ಹುಡುಕಿಕೊಂಡು ಬಂದ ರಾಜ ದೈವದ ಕಲ್ಲಿಗೆ ಬದಲಾಗಿ ಜನರಿಗೆ ಕಾಡಿನ ಭೂಮಿ 'ಕೊಡ್ತಾನೆ'. 2022ರಲ್ಲಿ ಅದು ದೊಡ್ಡತನ ಅನ್ನಿಸಿತ್ತು. ಆ ಜನ ನೂರಾರು ವರ್ಷ ಮೊದಲೇ ಕಾಡಲ್ಲಿ ಬದುಕಿದ್ದು, ಅದಕ್ಕಾಗಿ ಸತ್ತದ್ದು ನೋಡಿಕೊಂಡು ಬಂದ ಮೇಲೆ ಒಂದು ಪ್ರಶ್ನೆ ಏಳುತ್ತೆ. ಅವರದ್ದನ್ನೇ ಅವರಿಗೆ ಕೊಡೋಕೆ ಇವನ್ಯಾರು?

ಈ ಪ್ರಶ್ನೆ ನಮ್ಮ ಜಿಲ್ಲೆಗೆ ದೂರದ್ದಲ್ಲ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದಾಗ ಹೇಮಾವತಿ ಹಿನ್ನೀರಿನಲ್ಲಿ ಊರೂರುಗಳೇ ಮುಳುಗಿದವು. ಶೆಟ್ಟಿಹಳ್ಳಿಯ ಚರ್ಚಿನ ಅಸ್ಥಿಪಂಜರದ ಮುಂದೆ ನಾವೆಲ್ಲ ಫೋಟೋ ತೆಗೆಸಿಕೊಂಡು ಬರ್ತೀವಿ. ಮುಳುಗಡೆ ಊರಿನ ಅಜ್ಜಂದಿರ ಎದುರು 'ಕೊಟ್ಟ ಪರಿಹಾರ', 'ಕೊಟ್ಟ ಭೂಮಿ' ಅಂತ ಮಾತಾಡಿ ನೋಡಿ, ಕೊಟ್ಟದ್ದು ಯಾರು ಅಂತ ಅವರು ತಿರುಗಿ ಕೇಳ್ತಾರೆ. ಇಷ್ಟೊಂದು ಗದ್ದಲದ ನಡುವೆ ಈ ಒಂದು ಪದದ ಅರ್ಥ ಬದಲಾಯಿಸಿತಲ್ಲ, ಅದಕ್ಕಾಗಿ ಈ ಪ್ರೀಕ್ವೆಲ್ ಬೇಕಿತ್ತು ಅಂತಲೇ ನನ್ನ ವಾದ. ಗದ್ದಲ ಅರ್ಧ ಕಮ್ಮಿ ಇದ್ದಿದ್ದರೆ ಆ ಮಾತು ಇನ್ನೂ ಜನಕ್ಕೆ ಕೇಳಿಸ್ತಿತ್ತು.

ಇಷ್ಟು ಹೇಳಿದರೆ ಒಂದು ಕಡೆಯವರು, "ಕನ್ನಡ ಸಿನಿಮಾ ದೇಶ ಗೆಲ್ತಿರೋವಾಗ ನಿಂದೇನಪ್ಪಾ ಕೊಂಕು?" ಅಂತಾರೆ. ಇನ್ನೊಂದು ಕಡೆಯವರು, "ಮೊದಲನೇದನ್ನೂ ಸುಮ್ಮನೆ ಹೊಗಳಿದ್ರಿ" ಅಂತಾರೆ. ಕಲೆಕ್ಷನ್ ಲೆಕ್ಕ ಹಾಕೋಕೆ ನಿರ್ಮಾಪಕರಿದ್ದಾರೆ, ಅದು ಅಭಿಮಾನಿಯ ಕೆಲಸ ಅಲ್ಲ. ಎರಡು ಸಲ ಟಿಕೆಟ್ ತಗೊಂಡು ನೋಡಿ, ಇಷ್ಟವಾದದ್ದಕ್ಕೂ ಆಗದ್ದಕ್ಕೂ ಕಾರಣ ಹುಡುಕೋನೇ ಆ ಸಿನಿಮಾವನ್ನು ಗಂಭೀರವಾಗಿ ತಗೊಂಡವನು.

ಕಾಲ ಈ ತೀರ್ಪನ್ನೂ ಬದಲಾಯಿಸಬಹುದು. ಸ್ಟಾರ್ ವಾರ್ಸ್‌ನ ಆ ಪ್ರೀಕ್ವೆಲ್‌ಗಳನ್ನು ಚಿಕ್ಕವರಿದ್ದಾಗ ನೋಡಿದವರು ಇವತ್ತು ಅವನ್ನೇ ಎದೆತಟ್ಟಿ ಸಮರ್ಥಿಸ್ತಾರೆ. ಬೆರ್ಮೆಯನ್ನು ಮೊದಲು ಕಂಡು ಆಮೇಲೆ ಶಿವನನ್ನು ನೋಡೋ ಮಕ್ಕಳು ಈಗಲೇ ಇರ್ತಾರೆ. ಅವರಿಗೆ ನಮ್ಮ ಈ ತಕರಾರು ಅರ್ಥವಾಗದೇ ಹೋಗಬಹುದು. ಆದರೂ ದಸರಾ ರಜೆಗೆ ಅಕ್ಕನ ಮಕ್ಕಳು ಬಂದು ಕೂತಾಗ ರಿಮೋಟ್ ನಿಮ್ಮ ಕೈಲಿದ್ದರೆ, ಅಧ್ಯಾಯದ ನಂಬರ್ ನೋಡಬೇಡಿ. 2022ರದ್ದನ್ನೇ ಮೊದಲು ಹಾಕಿ. ಅದು ಮುಗಿದ ಮೇಲೆ "ಅವನು ಎಲ್ಲಿಗೆ ಹೋದ ಮಾಮಾ?" ಅಂತ ಅವರು ಕೇಳ್ತಾರೆ. ಉತ್ತರ ಹೇಳೋಕೆ ಅವಸರ ಮಾಡಬೇಡಿ, ಎರಡನೇದನ್ನು ನಾಳೆ ಹಾಕಿದರಾಯ್ತು.