ಏರು ಬಲ್ಲ ಗಡಿಯಾರ

ಮಲೆನಾಡಿನಲ್ಲಿ ದೂರದ ಓಟಕ್ಕೆ ತಯಾರಾಗುವವರಿಗೆ ಕಿಲೋಮೀಟರಿನ ಲೆಕ್ಕವೊಂದೇ ಸಾಲದು, ಏರಿನ ಲೆಕ್ಕವೂ ಬೇಕು. ಚಿಕ್ಕಮಗಳೂರು ಪೇಟೆ ಇರುವುದು ಸಾವಿರ ಮೀಟರ್ ಎತ್ತರದ ಆಸುಪಾಸಿನಲ್ಲಿ. ಮುಳ್ಳಯ್ಯನಗಿರಿಯ ನೆತ್ತಿ 1,900 ದಾಟುತ್ತದೆ. ಈ ಏರನ್ನು ಲೆಕ್ಕವಿಡುವ, ಓಟದ ಗಡಿಯಾರದೊಳಗಿನ ಪುಟ್ಟ ವಾಯುಭಾರ ಮಾಪಕ ನನಗೆ ಬಲು ಇಷ್ಟ.

ಅದೇ ಗಡಿಯಾರದ ಜಿಪಿಎಸ್‌ಗೆ ಜಾಗ, ಎತ್ತರ ತಿಳಿಯಲು ಕನಿಷ್ಠ 4 ಉಪಗ್ರಹಗಳ ಸಂಕೇತ ಸಿಗಬೇಕು. ಮೂಡಿಗೆರೆ, ಕಳಸದ ತೋಟಗಳಲ್ಲೋ ತಲೆಯ ಮೇಲೆ ಸಿಲ್ವರ್ ಓಕ್, ಅತ್ತಿ, ಹಲಸಿನ ದಟ್ಟ ನೆರಳು. ಒದ್ದೆ ಎಲೆಗಳಲ್ಲಿ ಸಂಕೇತ ಸೊರಗುತ್ತದೆ, ಗುಡ್ಡಕ್ಕೆ ಬಡಿದು ತಡವಾಗಿ ತಲುಪುತ್ತದೆ. ಆಗ ನಕ್ಷೆ ನಮ್ಮನ್ನು ಪಕ್ಕದವರ ತೋಟದಲ್ಲಿ ಓಡಿಸಿಬಿಡುತ್ತದೆ. ಬೇಲಿ ಹಾರಿದ ಆರೋಪ ಬೇರೆ! ಎತ್ತರದ ವಿಷಯದಲ್ಲಂತೂ ತಪ್ಪು ಇನ್ನೂ ಹೆಚ್ಚು.

ಮಾಪಕಕ್ಕೆ ಆಕಾಶ ಕಾಣಬೇಕಿಲ್ಲ, ಗಾಳಿ ಸಾಕು. ಈ ಎತ್ತರದಲ್ಲಿ 100 ಮೀಟರ್ ಏರಿದರೆ ಒತ್ತಡ ಸುಮಾರು 10 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಒಂದೆರಡು ಮೀಟರಿನ ದಿಬ್ಬವೂ ಅದಕ್ಕೆ ಗೊತ್ತಾಗುತ್ತದೆ. ಕೊರತೆಯೂ ಉಂಟು. ಮಳೆಮೋಡ ಕವಿದು ಒತ್ತಡ ಕುಸಿದರೆ, ಜಗಲಿಯಲ್ಲಿ ಕೂತವರನ್ನೂ ಗುಡ್ಡ ಹತ್ತಿಸುತ್ತದೆ. ಹಾಗಾಗಿ ಹೊರಡುವ ಮುನ್ನ ಗೊತ್ತಿರುವ ಎತ್ತರಕ್ಕೆ ಹೊಂದಿಸಿಕೊಳ್ಳಬೇಕು. ಮಾಪಕಕ್ಕೆ ಗಾಳಿ ತಲುಪಿಸುವ ಸಣ್ಣ ತೂತಿಗೆ ಕೆಸರು ಮೆತ್ತದಂತೆ ನೋಡಿಕೊಳ್ಳಬೇಕು.

ಕಾಫಿ ತೋಟಗಳ ನಡುವೆ ಸಾಗುವ ಮಲ್ನಾಡ್ ಅಲ್ಟ್ರಾದಂಥ ಓಟಕ್ಕೆ ಅಭ್ಯಾಸ ಮಾಡುವವರು ವಾರದಲ್ಲಿ ಎಷ್ಟು ಮೀಟರ್ ಏರಿದೆವು, ಎಷ್ಟು ಇಳಿದೆವು ಎಂದು ನೋಡುವುದು ಮೇಲು. ತೊಡೆಯ ಸ್ನಾಯುಗಳನ್ನು ಹೆಚ್ಚು ನೋಯಿಸುವುದು ಇಳಿಜಾರೇ. ಕಾಲಿಗೆ ಹತ್ತಿದ ಇಂಬಳದ ಲೆಕ್ಕ ಮಾತ್ರ ಮನೆಗೆ ಬಂದು ನಾವೇ ಹಾಕಿಕೊಳ್ಳಬೇಕು.